ಸುತ್ತಲೂ ಬರೀ ಏರು, ಇಳಿಜಾರು. ಸಮತಟ್ಟು ರಸ್ತೆಯೇ ಇಲ್ಲ. ಓಟ ಶುರುಮಾಡುವುದು ಹೇಗೆ?

ಹೊಸ ಹೆಜ್ಜೆ

ಎಲ್ಲರಿಗೂ ನಮಸ್ಕಾರ. ವಯಸ್ಸು 38. ದಿನಾ 40 ನಿಮಿಷ ಬಿರುಸಾಗಿ ನಡೆಯುವ ಅಭ್ಯಾಸ ಇದೆ. ಬಿಪಿ, ಶುಗರ್ ಏನೂ ಇಲ್ಲ. ಈಗ ಹೊರಗೆ ಓಡಲು ಶುರುಮಾಡಬೇಕು ಅಂತಿದೆ. ತೊಂದರೆ ಏನೆಂದರೆ ಇಲ್ಲಿ 200 ಮೀಟರ್ ಸಮತಟ್ಟು ರಸ್ತೆ ಸಿಗುವುದೂ ಕಷ್ಟ. ಮನೆ ಇರುವುದು ಗುಡ್ಡದ ನಡುಮಧ್ಯೆ. ಗೇಟು ದಾಟಿದರೆ ಎಡಕ್ಕೆ ಏರು, ಬಲಕ್ಕೆ ಇಳಿಜಾರು.

ಮೊಬೈಲ್ ಆ್ಯಪ್ ಹೇಳುವ ‘ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ’ ಇಲ್ಲಿ ಕೂಡಿಬರುತ್ತಿಲ್ಲ. ಏರಿನಲ್ಲಿ 40 ಸೆಕೆಂಡಿಗೇ ಏದುಸಿರು ಬರುತ್ತದೆ. ಇಳಿಜಾರಿನಲ್ಲಿ ಏನೂ ಕಷ್ಟವಿಲ್ಲ, ಆದರೆ ಮರುದಿನ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಳ್ಳುತ್ತದೆ.

ಏರಿನಲ್ಲಿ ನಡೆದರೆ ಅದು ಓಟದ ಲೆಕ್ಕಕ್ಕೆ ಬರುತ್ತದಾ? ಇಳಿಯುವಾಗ ಆರಾಮ ಅನ್ನಿಸುತ್ತದೆ, ಹಾಗಾದರೆ ಅಲ್ಲಿ ಜಾಸ್ತಿ ಓಡಬಹುದಾ? ಶೂ ಎಂಥದ್ದು ಬೇಕು? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಏರುದಾರಿ

ಮೊದಲ ಪ್ರಶ್ನೆಗೆ ಉತ್ತರ: ಬರುತ್ತದೆ, ಪೂರ್ತಿಯಾಗಿ ಬರುತ್ತದೆ. ಗುಡ್ಡಗಾಡಿನ ಓಟದಲ್ಲಿ ಪಳಗಿದವರೂ ಕಡಿದಾದ ಏರನ್ನು ನಡೆದೇ ಹತ್ತುತ್ತಾರೆ. ಅದು ಸೋಲಲ್ಲ, ಲೆಕ್ಕಾಚಾರ.

ಆ ಲೆಕ್ಕ ಇಷ್ಟು. 100 ಮೀಟರ್ ಸಾಗುವಷ್ಟರಲ್ಲಿ ರಸ್ತೆ 5 ಮೀಟರ್ ಮೇಲೇರಿದರೆ ಅದು 5% ಏರು. ಅಷ್ಟಕ್ಕೇ, ಅದೇ ವೇಗದಲ್ಲಿ ಓಡಲು ಸಮತಟ್ಟಿಗಿಂತ ಸುಮಾರು 30% ಹೆಚ್ಚು ಶಕ್ತಿ ಬೇಕು. 10% ಏರಿನಲ್ಲಿ 60% ದಾಟುತ್ತದೆ. ಕಣ್ಣಿಗೆ 10% ದೊಡ್ಡ ಏರು ಅಂತ ಕಾಣುವುದಿಲ್ಲ, ಕೋನದಲ್ಲಿ ಹೇಳಿದರೆ ಆರು ಡಿಗ್ರಿಯೂ ಇಲ್ಲ. ಆದರೆ ಎದೆಗೆ ಗೊತ್ತಾಗುತ್ತದೆ. ಆ್ಯಪ್‌ನ ‘ಒಂದು ನಿಮಿಷ ಓಟ’ ಸಮತಟ್ಟು ನೆಲಕ್ಕೆ ಬರೆದದ್ದು. ಅದನ್ನು 10% ಏರಿನಲ್ಲಿ ಮಾಡಹೊರಟರೆ ಮೊದಲ ವಾರದಲ್ಲೇ ಏಳನೇ ವಾರದ ಪಾಠ ಹೇಳಿಸಿಕೊಂಡ ಹಾಗೆ. ನಿಮ್ಮ ಏದುಸಿರಿಗೆ ಕಾರಣ ಇದೇ, ನಿಮ್ಮ ದೇಹದಲ್ಲಿ ಕೊರತೆ ಏನಿಲ್ಲ.

ಹಾಗಾಗಿ ಕಿಲೋಮೀಟರಿಗೆ ಎಷ್ಟು ನಿಮಿಷ ಅನ್ನುವ ಅಂಕಿಯನ್ನು ಕನಿಷ್ಠ ಮೂರು ತಿಂಗಳು ನೋಡಲೇಬೇಡಿ. ಗಡಿಯಾರದಲ್ಲಿ ಆ ಪರದೆಯನ್ನೇ ತೆಗೆದುಹಾಕಿ. ಅಳತೆಗೋಲು ಉಸಿರು. ಓಡುತ್ತಿರುವಾಗಲೇ ಒಂದೇ ಉಸಿರಿನಲ್ಲಿ ಒಂದರಿಂದ ಎಂಟರವರೆಗೆ ಗಟ್ಟಿಯಾಗಿ ಎಣಿಸಿ. ಆರಾಮವಾಗಿ ಮುಗಿದರೆ ಸರಿಯಾದ ವೇಗದಲ್ಲಿದ್ದೀರಿ. ಐದಕ್ಕೇ ಉಸಿರು ಎಳೆಯಬೇಕಾಗಿ ಬಂದರೆ ಆ ಕ್ಷಣವೇ ನಡಿಗೆಗೆ ಇಳಿಯಿರಿ. ‘ಇನ್ನು ಹತ್ತು ಹೆಜ್ಜೆ’ ಅಂತ ಎಳೆಯಬೇಡಿ. ಏರಿನಲ್ಲಿ ಒಮ್ಮೆ ಉಸಿರು ತಪ್ಪಿದರೆ ಮತ್ತೆ ಹದಕ್ಕೆ ಬರಲು ಎರಡು–ಮೂರು ನಿಮಿಷ ಹಿಡಿಯುತ್ತದೆ. ಆ ಹತ್ತು ಹೆಜ್ಜೆಗೆ ಅಷ್ಟು ಬೆಲೆ ಕೊಡಬೇಕಿಲ್ಲ.

ಇನ್ನು ದಾರಿಯ ಆಯ್ಕೆ. ಮೊಬೈಲ್ ನಕ್ಷೆಯಲ್ಲಿ ಸಮೋನ್ನತಿ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು, ಕಾಣುವ ನೋಟ ತೆರೆಯಿರಿ. ರಸ್ತೆ ಆ ರೇಖೆಗಳನ್ನು ಅಡ್ಡಡ್ಡ ಕತ್ತರಿಸಿಕೊಂಡು ಹೋದರೆ ಕಡಿದು, ಅವುಗಳ ಜೊತೆಜೊತೆಗೆ ಸಾಗಿದರೆ ಹೆಚ್ಚುಕಮ್ಮಿ ಸಮತಟ್ಟು. ಗುಡ್ಡದ ಸೊಂಟ ಸುತ್ತುವ ರಸ್ತೆ ಅಥವಾ ಕಾಲುವೆಯ ಪಕ್ಕದ ಹಾದಿ ಒಂದಾದರೂ ಇದ್ದೇ ಇರುತ್ತದೆ. 4% ಒಳಗಿನ 300–400 ಮೀಟರ್ ಸಿಕ್ಕರೂ ಸಾಕು, ಅದರಲ್ಲೇ ಹೋಗಿ ಬಂದು ಮಾಡಿ. ಬೇಸರ ಬರುತ್ತದೆ ನಿಜ, ಆದರೆ ಮೊದಲ ನಾಲ್ಕು ವಾರದಲ್ಲಿ ಮೂಳೆ ಮತ್ತು ಸ್ನಾಯುರಜ್ಜು ಒಗ್ಗಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಉಸಿರು ಮೂರು–ನಾಲ್ಕು ವಾರದಲ್ಲಿ ಸುಧಾರಿಸುತ್ತದೆ. ಮೂಳೆ, ರಜ್ಜು ಗಟ್ಟಿಯಾಗಲು ತಿಂಗಳುಗಳೇ ಬೇಕು. ಹೊಸಬರಿಗೆ ಪೆಟ್ಟಾಗುವುದು ಈ ಎರಡರ ನಡುವಿನ ಅಂತರದಲ್ಲೇ.

ವಾರಕ್ಕೆ ಮೂರು ದಿನ, ಎರಡು ಓಟದ ನಡುವೆ ಒಂದು ದಿನವಾದರೂ ಬಿಡುವು. ಪ್ರತಿ ಸಲ ಮೊದಲು 8 ನಿಮಿಷ, ಕೊನೆಗೆ 5 ನಿಮಿಷ ನಡಿಗೆ. ನಡುವಿನ ಭಾಗ ಹೀಗೆ:

1–2ನೇ ವಾರ: 1 ನಿಮಿಷ ಓಟ, 2 ನಿಮಿಷ ನಡಿಗೆ, 8 ಸಲ
3–4ನೇ ವಾರ: 2 ನಿಮಿಷ ಓಟ, 2 ನಿಮಿಷ ನಡಿಗೆ, 6 ಸಲ
5–6ನೇ ವಾರ: 3 ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, 5 ಸಲ
7–8ನೇ ವಾರ: 5 ನಿಮಿಷ ಓಟ, 1 ನಿಮಿಷ ನಡಿಗೆ, 4 ಸಲ
9–10ನೇ ವಾರ: 10 ನಿಮಿಷ ಓಟ, 1 ನಿಮಿಷ ನಡಿಗೆ, 2 ಸಲ. ಆಮೇಲೆ ನಡುವಿನ ನಡಿಗೆ ಬಿಟ್ಟು 20 ನಿಮಿಷ

ಗುಡ್ಡದ ಊರಿನಲ್ಲಿ ಇದಕ್ಕೆ ಒಂದು ತಿದ್ದುಪಡಿ ಬೇಕು: ಓಟದ ನಿಮಿಷ ಕಡಿದಾದ ಜಾಗದಲ್ಲಿ ಬಂದರೆ ಓಡಬೇಡಿ. ಅಲ್ಲಿ ನಡೆದು, ಏರು ಸಡಿಲವಾದ ಕಡೆ ಆ ನಿಮಿಷವನ್ನು ತೀರಿಸಿ. ಗಡಿಯಾರಕ್ಕಿಂತ ನೆಲದ ಮಾತು ದೊಡ್ಡದು. ಒಂದು ವಾರ ಕಷ್ಟ ಅನ್ನಿಸಿದರೆ ಅದೇ ವಾರವನ್ನು ಇನ್ನೊಮ್ಮೆ ಮಾಡಿ. 10 ವಾರದ್ದು 14 ಆದರೆ ಏನೂ ನಷ್ಟವಿಲ್ಲ.

ಇಳಿಜಾರು

ಮೇಲಿನವರು ಏರಿನ ಬಗ್ಗೆ ಹೇಳಿದ್ದು ಸರಿ. ಆದರೆ ನಿಮ್ಮ ಪ್ರಶ್ನೆಯಲ್ಲಿ ನಿಜವಾದ ಅಪಾಯ ಇರುವುದು ಎರಡನೇ ಸಾಲಿನಲ್ಲಿ. ‘ಇಳಿಯುವಾಗ ಆರಾಮ, ಜಾಸ್ತಿ ಓಡಬಹುದಾ?’ ಬೇಡ. ಏರು ನಿಮ್ಮನ್ನು ತಾನೇ ತಡೆಯುತ್ತದೆ: ಉಸಿರು ಕಟ್ಟುತ್ತದೆ, ನಿಲ್ಲುತ್ತೀರಿ, ಅಲ್ಲಿಗೆ ಮುಗಿಯಿತು. ಇಳಿಜಾರಿಗೆ ಆ ತಡೆ ಇಲ್ಲ. 10% ಇಳಿಜಾರಿನಲ್ಲಿ ಓಡಲು ಸಮತಟ್ಟಿನ ಸುಮಾರು 60% ಶಕ್ತಿ ಸಾಕು. ಎದೆ ‘ಇನ್ನೂ ಓಡು’ ಅನ್ನುತ್ತದೆ, ತೊಡೆ ಮಾತಾಡುವುದು ಮರುದಿನ.

ತೊಡೆಗೆ ಏನಾಗುತ್ತದೆ ಅಂದರೆ, ಏರುವಾಗ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಬ್ರೇಕಿನ ಹಾಗೆ ಬಿಗಿದುಕೊಂಡೇ ಉದ್ದವಾಗಬೇಕು. ಭಾರ ಹೊತ್ತುಕೊಂಡು ಹೀಗೆ ಎಳೆದುಕೊಂಡಾಗ ಸ್ನಾಯುವಿನ ಎಳೆಗಳು ಅಲ್ಲಲ್ಲಿ ಸೂಕ್ಷ್ಮವಾಗಿ ಹರಿಯುತ್ತವೆ. ನೋವು ಕಾಣಿಸಿಕೊಳ್ಳಲು ಅರ್ಧ ದಿನವೋ ಒಂದು ದಿನವೋ ಬೇಕು, 24ರಿಂದ 72 ಗಂಟೆಯೊಳಗೆ ತಾರಕಕ್ಕೆ ಹೋಗಿ ಆಮೇಲೆ ಇಳಿಯುತ್ತದೆ. ಮೆಟ್ಟಿಲು ಇಳಿಯುವಾಗ ತೊಡೆ ಹಿಡಿಯುತ್ತದೆ ಅಂತ ನೀವು ಬರೆದಿರುವುದು ಇದರದ್ದೇ ಗುರುತು. ಗಾಬರಿ ಬೇಡ. ಆದರೆ ಆ ನೋವು ಇರುವಾಗ ಮತ್ತೆ ಇಳಿಜಾರಿನಲ್ಲಿ ಓಡಬೇಡಿ. ತೊಡೆ ಬ್ರೇಕ್ ಹಿಡಿಯದಿದ್ದರೆ ಆ ಹೊರೆ ಮಂಡಿಯ ಮೇಲೆ ಬೀಳುತ್ತದೆ.

ಸಮಾಧಾನದ ಸಂಗತಿಯೂ ಉಂಟು. ಒಮ್ಮೆ ಸ್ವಲ್ಪ ಇಳಿಜಾರಿನ ಪೆಟ್ಟು ತಿಂದ ಸ್ನಾಯು ಕೆಲವು ವಾರ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಎರಡನೇ ಸಲ ಅಷ್ಟೇ ಇಳಿದರೆ ನೋವು ಬಹಳ ಕಡಿಮೆ. ಹಾಗಾಗಿ ಪೂರ್ತಿ ಬಿಟ್ಟುಬಿಡುವುದೂ ಬೇಡ, ಒಮ್ಮೆಲೇ ತುಂಬುವುದೂ ಬೇಡ. ಮೊದಲ ಮೂರು ವಾರ ಇಳಿಜಾರನ್ನೆಲ್ಲ ನಡೆದೇ ಇಳಿಯಿರಿ. ನಾಲ್ಕನೇ ವಾರದಿಂದ 5% ಒಳಗಿನ ಇಳಿಜಾರಿನಲ್ಲಿ 30 ಸೆಕೆಂಡಿನ ಓಟ ನಾಲ್ಕು ಸಲ, ವಾರದಲ್ಲಿ ಒಂದೇ ದಿನ. ಪ್ರತಿ ವಾರ ಒಂದೊಂದು ಸಲ ಸೇರಿಸಿ. ಎಂಟಕ್ಕೆ ಮುಟ್ಟಿದ ಮೇಲೆ 30 ಸೆಕೆಂಡನ್ನು 45 ಮಾಡಿ. 8–10% ಇಳಿಜಾರು ಮೂರು ತಿಂಗಳ ನಂತರದ ಮಾತು.

ಇಳಿಯುವ ರೀತಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲರೂ ಸಹಜವಾಗಿ ಮಾಡುವುದು ಇದರ ಉಲ್ಟಾ. ಹೆದರಿಕೆಗೆ ಮೈ ಹಿಂದಕ್ಕೆ ವಾಲುತ್ತದೆ, ಕಾಲು ಮುಂದಕ್ಕೆ ಚಾಚುತ್ತದೆ, ಮಂಡಿ ನೆಟ್ಟಗಾಗುತ್ತದೆ, ಹಿಮ್ಮಡಿ ನೆಲಕ್ಕೆ ಗುದ್ದುತ್ತದೆ. ಪ್ರತಿ ಹೆಜ್ಜೆಯೂ ಒಂದು ಹೊಡೆತ. ಹಾಗಲ್ಲದೆ ಹೆಜ್ಜೆ ಗಿಡ್ಡ ಮಾಡಿ, ಎಣಿಕೆ ಹೆಚ್ಚಿಸಿ. 30 ಸೆಕೆಂಡಿನಲ್ಲಿ ಬಲಗಾಲು ನೆಲ ಮುಟ್ಟಿದ್ದನ್ನು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಹೆಜ್ಜೆ ಸಿಗುತ್ತದೆ. 38 ಎಣಿಸಿದರೆ 152. ಅದಕ್ಕೆ 5–10% ಸೇರಿಸಿ, ಅಂದರೆ 160–167ರ ಸುತ್ತ ಇಳಿಯಿರಿ. ಹೆಜ್ಜೆ ಸಂಖ್ಯೆ ಇಷ್ಟು ಹೆಚ್ಚಿದರೂ ಮಂಡಿ ಮತ್ತು ಸೊಂಟದ ಕೀಲಿಗೆ ಬೀಳುವ ಹೊರೆ ಕಡಿಮೆಯಾಗುತ್ತದೆ ಅಂತ ಅಳತೆ ಮಾಡಿ ತೋರಿಸಿದ್ದಾರೆ. ನಿಮಿಷಕ್ಕೆ 180 ಹೆಜ್ಜೆ ಎಲ್ಲರಿಗೂ ಬೇಕು ಅನ್ನುವ ಮಾತನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಪಾದ ಸೊಂಟದ ನೇರ ಕೆಳಗೆ ಬೀಳಲಿ, ಮಂಡಿ ಸ್ವಲ್ಪ ಮಡಚಿರಲಿ, ಕೈ ಸ್ವಲ್ಪ ಅಗಲಕ್ಕೆ ಬರಲಿ. ಕಣ್ಣು ನಾಲ್ಕೈದು ಮೀಟರ್ ಮುಂದೆ ಇರಲಿ, ಕಾಲ ಬುಡದಲ್ಲಲ್ಲ. ಸದ್ದು ಕೇಳಿಸಿಕೊಳ್ಳಿ: ‘ಟಪ್ ಟಪ್’ ಅಂತ ಜೋರಾಗಿ ಬಡಿಯುತ್ತಿದ್ದರೆ ಹೆಜ್ಜೆ ಇನ್ನೂ ಉದ್ದವಿದೆ ಅಂತ ಅರ್ಥ.

ನಿಮ್ಮ ಮನೆ ಗುಡ್ಡದ ನಡುವೆ ಇದೆಯಲ್ಲ, ಯಾವಾಗಲೂ ಎಡಕ್ಕೇ ಹೊರಡಿ. ಮೊದಲು ಏರಿ, ಆಮೇಲೆ ಮನೆಗೆ ಇಳಿಯಿರಿ. ಸುಸ್ತಾದರೂ ಮನೆ ಕೆಳಗಿರುತ್ತದೆ. ಬಲಕ್ಕೆ ಹೋಗಲೇಬೇಕಾದರೆ ಒಟ್ಟು ಸಮಯದ ಮೂರನೇ ಒಂದು ಭಾಗಕ್ಕೇ ತಿರುಗಿಬಿಡಿ. 30 ನಿಮಿಷದ ಓಟಕ್ಕೆ 10ನೇ ನಿಮಿಷಕ್ಕೆ ವಾಪಸ್. 15ಕ್ಕೆ ತಿರುಗಿದರೆ ಬರುವಾಗ 25–30 ನಿಮಿಷ ಆಗುತ್ತದೆ, ಅದೂ ದಣಿದ ಕಾಲಿನಲ್ಲಿ ಏರು.

ಬೆಟ್ಟದ ಗಾಳಿ

ಏರುವಾಗ ಹಿಮ್ಮಡಿ ನೆಲಕ್ಕೆ ತಾಗಿಸಬೇಡಿ, ಬೆರಳ ತುದಿಯಲ್ಲೇ ಓಡಿ, ಮೈ ಚೆನ್ನಾಗಿ ಮುಂದಕ್ಕೆ ಬಾಗಿಸಿ. ಎಲ್ಲ ಓಟಗಾರರೂ ಹಾಗೇ ಓಡುತ್ತಾರೆ. ಬೇಗ ಏರಬಹುದು.

ಮೀನಖಂಡ

ಬೆಟ್ಟದ ಗಾಳಿಯವರೇ, ಈ ಸಲಹೆಯನ್ನು ಹೊಸಬರಿಗೆ ಕೊಡಬೇಡಿ ಅಂತ ಕೇಳಿಕೊಳ್ಳುತ್ತೇನೆ. 60–80 ಮೀಟರಿನ ಬಿರುಸು ಓಟಕ್ಕೆ ಅದು ಸರಿ. 20 ನಿಮಿಷದ ಓಟಕ್ಕೆ ಹೊಸಬರು ಬೆರಳ ತುದಿಯಲ್ಲಿ ಏರಿದರೆ ಭಾರವೆಲ್ಲ ಮೀನಖಂಡಕ್ಕೆ ಮತ್ತು ಹಿಮ್ಮಡಿಯ ಮೇಲಿನ ಅಕಿಲಿಸ್ ರಜ್ಜುವಿಗೆ ಬೀಳುತ್ತದೆ. ಏರಿನಲ್ಲಿ ಪಾದ ಮೊದಲೇ ಮೇಲಕ್ಕೆ ಮಡಚಿಕೊಂಡು ಆ ರಜ್ಜು ಬಿಗಿದಿರುತ್ತದೆ, ಅದರ ಮೇಲೆ ಇನ್ನಷ್ಟು ಎಳೆತ ಬೇಡ. ಪಾದದ ಮಧ್ಯಭಾಗ ಮೊದಲು ತಾಗಲಿ, ಹಿಮ್ಮಡಿ ಹಗುರವಾಗಿ ನೆಲ ಮುಟ್ಟಿ ಏಳಲಿ. ಬಾಗುವುದೂ ಅಷ್ಟೇ: ಸೊಂಟದಲ್ಲಿ ಮುರಿದು ಬಾಗಿದರೆ ಹೊಟ್ಟೆ ಒತ್ತಿ ಉಸಿರು ಕಿರಿದಾಗುತ್ತದೆ, ಪೃಷ್ಠದ ಸ್ನಾಯು ಕೆಲಸ ಬಿಡುತ್ತದೆ. ಪಾದದ ಕೀಲಿನಿಂದ ತಲೆಯವರೆಗೆ ಇಡೀ ಮೈ ಒಂದು ಕೋಲಿನ ಹಾಗೆ ತುಸು ಮುಂದೆ ವಾಲಿದರೆ ಸಾಕು. ದೃಷ್ಟಿ 10–15 ಮೀಟರ್ ಮುಂದೆ.

ಹೊಸ ಹೆಜ್ಜೆಯವರಿಗೆ ಇನ್ನೊಂದು ಮುಖ್ಯ ವಿಷಯ. ಗೇಟು ದಾಟಿದ ಕೂಡಲೇ ಏರು ಅಂದಿದ್ದೀರಿ. ತಣ್ಣಗಿರುವ ಮೀನಖಂಡದಲ್ಲಿ ನೇರ ಏರಿಗೆ ಓಡಬೇಡಿ, ಬೆಳಗಿನ ಹೊತ್ತಂತೂ ಬೇಡವೇ ಬೇಡ. ಆ 8 ನಿಮಿಷದ ನಡಿಗೆಯನ್ನು ಏರಿನಲ್ಲೇ ಮಾಡಿದರೂ ಸರಿ, ಆದರೆ ಹೊರಡುವ ಮುಂಚೆ ಮನೆಯೊಳಗೇ ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು 15 ಸಲ, ಪಾದ ತಿರುಗಿಸುವುದು ಎರಡೂ ಕಡೆ 10 ಸಲ, ಕಾಲನ್ನು ಹಿಂದೆಮುಂದೆ ಬೀಸುವುದು 10 ಸಲ. ಎರಡು ನಿಮಿಷದ ಕೆಲಸ. ಒಂದೇ ಭಂಗಿಯಲ್ಲಿ ನಿಂತು ಎಳೆಯುವ ವ್ಯಾಯಾಮ ಓಟದ ನಂತರಕ್ಕೆ ಇರಲಿ.

ಓಡದ ದಿನಗಳಲ್ಲಿ ವಾರಕ್ಕೆ ಎರಡು ಸಲ ಕಾಲಿಗೆ ಬಲ ಕೊಡುವ ವ್ಯಾಯಾಮ ಮಾಡಲೇಬೇಕು. ಗುಡ್ಡದಲ್ಲಿ ಓಡುವವರಿಗೆ ಇದು ಓಟದಷ್ಟೇ ಮುಖ್ಯ. ಎಲ್ಲಕ್ಕಿಂತ ಮೊದಲು ಮೆಟ್ಟಿಲಿಳಿತ: 15–20 ಸೆಂಟಿಮೀಟರ್ ಎತ್ತರದ ಮೆಟ್ಟಿಲಿನ ಮೇಲೆ ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಹಿಮ್ಮಡಿಯನ್ನು ಮೂರು ಎಣಿಸುತ್ತಾ ನಿಧಾನವಾಗಿ ಕೆಳಗಿಳಿಸಿ, ನೆಲಕ್ಕೆ ಸೋಕಿಸಿ, ಮತ್ತೆ ಮೇಲೆ ಬನ್ನಿ. ಆಗ ನಿಂತ ಕಾಲಿನ ಮಂಡಿಯನ್ನು ಕನ್ನಡಿಯಲ್ಲಿ ನೋಡಿ. ಅದು ಹೆಬ್ಬೆರಳಿನ ಕಡೆಗೆ ಒಳಕ್ಕೆ ಬೀಳಬಾರದು, ಎರಡನೇ ಬೆರಳಿನ ನೇರಕ್ಕೆ ಇರಬೇಕು. ಒಳಕ್ಕೆ ಬೀಳುತ್ತಿದ್ದರೆ ಮೆಟ್ಟಿಲಿನ ಎತ್ತರ ಕಮ್ಮಿ ಮಾಡಿ, ದಪ್ಪ ಪುಸ್ತಕ ಇಟ್ಟುಕೊಂಡರೂ ಆದೀತು. ಕಾಲಿಗೆ 8ರಂತೆ ಎರಡು ಸುತ್ತು, ತಿಂಗಳಲ್ಲಿ 12ರಂತೆ ಮೂರು ಸುತ್ತಿಗೆ ಬನ್ನಿ. ಇಳಿಜಾರಿನವರು ಹೇಳಿದ ‘ಬಿಗಿದುಕೊಂಡೇ ಉದ್ದವಾಗುವ’ ಕೆಲಸವನ್ನು ಇಲ್ಲಿ ನಿಮ್ಮ ಹತೋಟಿಯಲ್ಲಿ ಕಲಿಸುತ್ತೀರಿ.

ಎರಡನೆಯದು ಹಿಮ್ಮಡಿ ಎತ್ತುವುದು. ಮಂಡಿ ನೆಟ್ಟಗೆ ಇಟ್ಟು ಒಂದು ಸುತ್ತು, ಮಂಡಿ ಮಡಚಿ ಒಂದು ಸುತ್ತು. ಮಡಚಿದಾಗ ಒಳಪದರದ ಸ್ನಾಯುವಿಗೆ ಕೆಲಸ ಬೀಳುತ್ತದೆ, ಏರಿನಲ್ಲಿ ಹೆಚ್ಚು ದುಡಿಯುವುದು ಅದೇ. ಎರಡು ಕಾಲಲ್ಲಿ ಶುರುಮಾಡಿ ಒಂಟಿ ಕಾಲಿಗೆ ಬನ್ನಿ. ಒಂಟಿ ಕಾಲಲ್ಲಿ ಭಂಗಿ ಕೆಡದೆ 20–25 ಬರುವ ಹೊತ್ತಿಗೆ ಏರಿನ ಓಟಕ್ಕೆ ಮೀನಖಂಡ ತಯಾರು.

ಹೊಸ ಹೆಜ್ಜೆ

ಇಷ್ಟು ವಿವರ ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಧನ್ಯವಾದ. ನೋವಿನ ಬಗ್ಗೆ ಒಂದು ಗೊಂದಲ ಇದೆ. ಯಾವ ನೋವಿದ್ದರೂ ಓಡಬಹುದು, ಯಾವುದಕ್ಕೆ ನಿಲ್ಲಿಸಬೇಕು? ಮತ್ತೆ ಶೂ, ರಸ್ತೆಯ ವಿಚಾರ. ಇಲ್ಲಿ ರಸ್ತೆ ಕಿರಿದು, ತಿರುವುಗಳು ಜಾಸ್ತಿ, ಬೆಳಿಗ್ಗೆ ಮಂಜು.

ಮೀನಖಂಡ

ನೋವಿಗೆ ಹತ್ತರಲ್ಲಿ ಅಂಕ ಕೊಡಿ. ಮೂರರೊಳಗಿದ್ದು, ಓಡುತ್ತಾ ಹೆಚ್ಚಾಗದೆ, ಮರುದಿನ ಬೆಳಿಗ್ಗೆ ಹಿಂದಿನ ಮಟ್ಟಕ್ಕೇ ಬಂದಿದ್ದರೆ ಓಡಬಹುದು. ನಾಲ್ಕು ದಾಟಿದರೆ, ಅಥವಾ ಕುಂಟುವಂತಾದರೆ ಅವತ್ತಿಗೆ ನಿಲ್ಲಿಸಿ.

ಎರಡೂ ತೊಡೆ ಅಥವಾ ಎರಡೂ ಮೀನಖಂಡ ಒಂದೇ ಥರ ಹಿಡಿದುಕೊಂಡಿದ್ದರೆ ಅದು ಹೊಸ ಕೆಲಸದ ನೋವು, ಕೆಲವು ದಿನದಲ್ಲಿ ಹೋಗುತ್ತದೆ. ಒಂದೇ ಕಾಲಿನಲ್ಲಿ, ಒಂದೇ ಜಾಗದಲ್ಲಿ ಬರುವ ನೋವನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಮಂಡಿಯ ಕೆಳಗೆ ಕಾಲುಮೂಳೆಯ ಒಳಅಂಚಿನ ಉದ್ದಕ್ಕೂ, ಅಂಗೈ ಅಗಲದಷ್ಟು ಜಾಗದಲ್ಲಿ ನೋವು ಹರಡಿದ್ದರೆ ಅದು ಹೊರೆ ಬೇಗ ಏರಿಸಿದ್ದರ ಫಲ. ಎರಡು ವಾರ ಹಿಂದಿನ ಹಂತಕ್ಕೆ ಹೋಗಿ, ಇಳಿಜಾರು ಬಿಡಿ. ಆದರೆ ಆ ಮೂಳೆಯ ಮೇಲೆ ಒಂದೇ ಬೆರಳಿನಿಂದ ತೋರಿಸಬಹುದಾದ ಚುಕ್ಕೆಯಷ್ಟು ಜಾಗದಲ್ಲಿ ನೋವು, ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ಚುರ್ ಅನ್ನುವುದು, ರಾತ್ರಿ ಮಲಗಿದಾಗಲೂ ಇರುವುದು, ಇವು ಮೂಳೆಯಲ್ಲಿ ಸೀಳು ಬಿಡುತ್ತಿರುವುದರ ಲಕ್ಷಣ ಇರಬಹುದು. ಓಟ ಪೂರ್ತಿ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಇಂಥ ಸೀಳು ಮೊದಲ ಎರಡು–ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು, ‘ಎಕ್ಸ್‌ರೇ ಸರಿಯಿದೆ’ ಅಂತ ಮತ್ತೆ ಓಡಲು ಹೊರಡಬೇಡಿ. ಎಂಆರ್‌ಐಯಲ್ಲಿ ಗೊತ್ತಾಗುತ್ತದೆ.

ಮಂಡಿಯ ಹೊರಪಕ್ಕದಲ್ಲಿ, ಪ್ರತಿ ಸಲ ಹೆಚ್ಚುಕಮ್ಮಿ ಅಷ್ಟೇ ದೂರಕ್ಕೆ ಶುರುವಾಗಿ ಇಳಿಜಾರಿನಲ್ಲಿ ಜೋರಾಗುವ ನೋವು ಇದ್ದರೆ ತೊಡೆಯ ಹೊರಬದಿಯ ಪಟ್ಟಿಯದ್ದು. ಅದು ಶುರುವಾಗುವ ದೂರಕ್ಕಿಂತ ಮುಂಚೆಯೇ ಓಟ ಮುಗಿಸಿ, ಇಳಿಯುವುದನ್ನು ನಡಿಗೆಗೆ ಬಿಡಿ. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೇ ಹಿಮ್ಮಡಿಯ ಅಡಿ ಚುಚ್ಚಿದರೆ ಅಂಗಾಲಿನ ಪಟ್ಟಿ. ಇದನ್ನು ಮೊದಲ ವಾರದಲ್ಲೇ ಗಮನಿಸಿದರೆ ಬೇಗ ಹೋಗುತ್ತದೆ, ಎಳೆದಾಡಿದರೆ ತಿಂಗಳುಗಟ್ಟಲೆ ಕಾಡುತ್ತದೆ.

ಎದೆ ಬಿಗಿತ, ಎಡಗೈಗೋ ದವಡೆಗೋ ಹರಡುವ ನೋವು, ಕಣ್ಣು ಕತ್ತಲೆ ಬರುವುದು, ಇವುಗಳಿಗೆ ಅಂಕವಿಲ್ಲ. ಅಲ್ಲೇ ನಿಲ್ಲಿ, ಕೂತು ಸಹಾಯ ಕರೆಯಿರಿ, ತಡಮಾಡದೆ ಆಸ್ಪತ್ರೆಗೆ ಹೋಗಿ.

ಹೇರ್‌ಪಿನ್ ತಿರುವು

ರಸ್ತೆಯ ಮಾತು. ಫುಟ್‌ಪಾತ್ ಇಲ್ಲದ ಕಡೆ ಎದುರಿನಿಂದ ಬರುವ ವಾಹನಗಳಿಗೆ ಮುಖ ಮಾಡಿಯೇ ಓಡಬೇಕು. ಇದು ಎಲ್ಲರಿಗೂ ಗೊತ್ತು. ಗುಡ್ಡದ ರಸ್ತೆಯಲ್ಲಿ ಇದಕ್ಕೊಂದು ವಿನಾಯಿತಿ ಇದೆ. ನೀವಿರುವ ಬದಿ ತಿರುವಿನ ಒಳಅಂಚಾದರೆ, ಮಣ್ಣಿನ ಗೋಡೆಯೋ ಪೊದೆಯೋ ಅಡ್ಡ ಬಂದು ಚಾಲಕರಿಗೆ ನೀವು ಕಾಣುವುದು ಕೊನೆಯ ಕ್ಷಣದಲ್ಲಿ. ಅಂಥ ತಿರುವು ಬರುವ ಮುಂಚೆ, ಎರಡೂ ಕಡೆ ದೂರದವರೆಗೆ ರಸ್ತೆ ಕಾಣುವ ಜಾಗದಲ್ಲಿ ನಿಂತು ನೋಡಿ ಹೊರಅಂಚಿಗೆ ದಾಟಿ. ತಿರುವು ಮುಗಿದು ರಸ್ತೆ ನೇರವಾದ ಮೇಲೆ ಮತ್ತೆ ಈಚೆ ಬನ್ನಿ. ತಿರುವಿನ ಮಧ್ಯದಲ್ಲಿ ದಾಟಲೇಬೇಡಿ. ಒಂದರ ಹಿಂದೆ ಒಂದು ತಿರುವು ಇರುವ ಕಡೆ ದಾಟಾಟವೇ ಅಪಾಯ, ಅಂಥ ತುಂಡನ್ನು ಓಟದ ದಾರಿಯಿಂದಲೇ ಬಿಟ್ಟುಬಿಡಿ. ಕಿವಿಗೆ ಇಯರ್‌ಫೋನ್ ಬೇಡ. ಕುರುಡು ತಿರುವಿನಲ್ಲಿ ಕಣ್ಣಿಗಿಂತ ಮೊದಲು ವಾಹನವನ್ನು ಹಿಡಿಯುವುದು ಕಿವಿ.

ಮಂಜಿನಲ್ಲಿ ಬಿಳಿ ಬಟ್ಟೆ ಕರಗಿಹೋಗುತ್ತದೆ. ಹೊಳೆಯುವ ಕಿತ್ತಳೆ ಅಥವಾ ತಿಳಿಹಳದಿ ಹಾಕಿ, ಕಣಕಾಲಿಗೆ ಬೆಳಕು ಪ್ರತಿಫಲಿಸುವ ಪಟ್ಟಿ ಕಟ್ಟಿ. ಕಾಲು ಮೇಲೆಕೆಳಗೆ ಆಡುವುದರಿಂದ ‘ಯಾರೋ ಮನುಷ್ಯ’ ಅಂತ ಚಾಲಕರಿಗೆ ಬೇಗ ತಿಳಿಯುತ್ತದೆ. ಹಣೆಗೆ ಕಟ್ಟುವ ದೀಪದ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತದೆ. ಅದನ್ನೇ ಸೊಂಟಕ್ಕೆ ಕಟ್ಟಿದರೆ ಕಲ್ಲು, ಗುಂಡಿಗಳ ನೆರಳು ಎದ್ದು ಕಾಣುತ್ತದೆ. 30 ಮೀಟರ್ ಮುಂದೆ ಕಾಣದಷ್ಟು ಮಂಜಿದ್ದರೆ ಅವತ್ತು ವಾಹನ ಓಡಾಡುವ ರಸ್ತೆಗೆ ಇಳಿಯಬೇಡಿ.

ರಸ್ತೆ ನೀರು ಹರಿಯಲೆಂದು ಅಂಚಿಗೆ ವಾಲಿರುತ್ತದೆ. ಸದಾ ಒಂದೇ ಅಂಚಿನಲ್ಲಿ ಓಡಿದರೆ ಒಂದೇ ಮಂಡಿ, ಒಂದೇ ಸೊಂಟ ನೋಯುತ್ತದೆ. ಹೋಗಿ ಬರುವುದು ಒಂದೇ ದಾರಿಯಲ್ಲಿದ್ದು ಎರಡು ಸಲವೂ ವಾಹನಕ್ಕೆ ಮುಖಮಾಡಿ ಓಡಿದರೆ ವಾಲು ಯಾವಾಗಲೂ ಒಂದೇ ಕಾಲಿಗೆ ಬೀಳುತ್ತದೆ ಅನ್ನುವುದನ್ನು ಗಮನಿಸಿ. ವಾರದಲ್ಲಿ ಒಂದು ಓಟವನ್ನಾದರೂ ಮಣ್ಣಿನ ಹಾದಿಗೆ ಇಡಿ.

ಶೂ: ಡಾಂಬರು ಮತ್ತು ಗಟ್ಟಿ ಮಣ್ಣಿಗೆ ಮಾಮೂಲಿ ಓಟದ ಶೂ ಸಾಕು. ಸಡಿಲ ಜಲ್ಲಿ, ಕೆಸರು ಹೆಚ್ಚಿದ್ದರೆ ಅಡಿಯಲ್ಲಿ 3–5 ಮಿಲಿಮೀಟರ್ ಹಲ್ಲು ಇರುವ, ಕಾಡುಹಾದಿಯ ಓಟಕ್ಕೆಂದು ಮಾಡಿದ ಟ್ರೇಲ್ ಶೂ. ಪಾಚಿ ಕಟ್ಟಿದ ಒದ್ದೆ ಕಲ್ಲಿನ ಮೇಲೆ ಯಾವ ಹಲ್ಲೂ ನಿಲ್ಲುವುದಿಲ್ಲ, ಅಲ್ಲಿ ನಡೆಯಬೇಕು. ಹಿಮ್ಮಡಿ ಮುಂಭಾಗಕ್ಕಿಂತ 8–10 ಮಿ.ಮೀ. ಎತ್ತರ ಇರುವುದನ್ನು ತೆಗೆದುಕೊಳ್ಳಿ. ತೀರಾ ಚಪ್ಪಟೆ ಶೂ ಏರಿನಲ್ಲಿ ಅಕಿಲಿಸ್ ರಜ್ಜುವನ್ನು ಇನ್ನೂ ಎಳೆಯುತ್ತದೆ. ಸಂಜೆ, ಪಾದ ಸ್ವಲ್ಪ ಊದಿರುವಾಗ ಹಾಕಿ ನೋಡಿ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಬೇಕು. ಅದಿಲ್ಲದಿದ್ದರೆ ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಉಗುರು ಗುದ್ದಿ ಕಪ್ಪಾಗುತ್ತದೆ. ಕಾಲುಚೀಲ ಹತ್ತಿಯದ್ದು ಬೇಡ, ಒದ್ದೆಯಾದರೆ ಬೊಬ್ಬೆ ಖಂಡಿತ.

ಜಾಗ ಇದ್ದೂ ಬೆರಳು ಗುದ್ದುತ್ತಿದ್ದರೆ ತಪ್ಪು ಲೇಸಿನದು. ಶೂವಿನ ಮೇಲ್ತುದಿಯಲ್ಲಿ ಯಾರೂ ಬಳಸದ ಒಂದು ಹೆಚ್ಚುವರಿ ತೂತು ಇರುತ್ತದಲ್ಲ, ಅದು ಇರುವುದೇ ಇದಕ್ಕೆ. ಕೊನೆಯ ಮಾಮೂಲಿ ತೂತಿನಿಂದ ಹೊರಬಂದ ಲೇಸನ್ನು ಅಡ್ಡ ಒಯ್ಯದೆ, ಅದೇ ಬದಿಯ ಹೆಚ್ಚುವರಿ ತೂತಿಗೆ ಹೊರಗಿನಿಂದ ಒಳಕ್ಕೆ ತೂರಿಸಿ. ಪೂರ್ತಿ ಎಳೆಯಬೇಡಿ, ಹೊರಗಡೆ ಚಿಕ್ಕ ಕುಣಿಕೆ ಉಳಿಯಲಿ. ಇನ್ನೊಂದು ಬದಿಯಲ್ಲೂ ಹಾಗೇ. ಈಗ ಎಡ ಲೇಸಿನ ತುದಿಯನ್ನು ಬಲ ಕುಣಿಕೆಯೊಳಗೆ, ಬಲದ್ದನ್ನು ಎಡ ಕುಣಿಕೆಯೊಳಗೆ ತೂರಿಸಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿಕೊಂಡು ಎರಡೂ ತುದಿಯನ್ನು ಕೆಳಮುಖವಾಗಿ ಎಳೆದು ಗಂಟು ಹಾಕಿ. ಹಿಮ್ಮಡಿ ಕಚ್ಚಿ ಕೂರುತ್ತದೆ, ಪಾದ ಮುಂದಕ್ಕೆ ಜಾರುವುದು ನಿಲ್ಲುತ್ತದೆ.

ಹೊಸ ಹೆಜ್ಜೆ

ಲೇಸಿನ ವಿಷಯ ಗೊತ್ತೇ ಇರಲಿಲ್ಲ. ಕೊನೆಯದೊಂದು: ಎಡಕ್ಕೆ ಹೋದರೆ 2 ಕಿ.ಮೀ. ಉದ್ದದ ಒಂದೇ ಏರು, ತುದಿಯಲ್ಲಿ ನೀರಿನ ಟ್ಯಾಂಕ್. ಮೊಬೈಲ್ 120 ಮೀಟರ್ ಎತ್ತರ ತೋರಿಸುತ್ತದೆ. ಅಲ್ಲಿಗೆ ನಿಲ್ಲದೆ ಓಡಿ ಹತ್ತುವುದು ಯಾವಾಗ ಸಾಧ್ಯ? ಹೃದಯ ಬಡಿತ ನೋಡಿಕೊಂಡು ಓಡಬೇಕಾ?

ಏರುದಾರಿ

2 ಕಿ.ಮೀ.ಗೆ 120 ಮೀಟರ್ ಅಂದರೆ ಸರಾಸರಿ 6%. ಓಡಬಹುದಾದ ಏರೇ. ಸರಾಸರಿಯ ಒಳಗೆ 10%ರ ತುಂಡುಗಳು ಅಡಗಿರುತ್ತವೆ ಅಷ್ಟೇ. ಸಮತಟ್ಟಿನಲ್ಲಿ 20 ನಿಮಿಷ ಬಿಡದೆ ಓಡುವ ಹಂತ ಬಂದ ಮೇಲೆ ವಾರಕ್ಕೆ ಒಂದು ಸಲ ಇದನ್ನು ಹಿಡಿಯಿರಿ, ಅದಕ್ಕಿಂತ ಮುಂಚೆ ನಡೆದು ಹತ್ತಿ ಪರಿಚಯ ಮಾಡಿಕೊಳ್ಳಿ. ರಸ್ತೆ ಬದಿಯ ವಿದ್ಯುತ್ ಕಂಬಗಳೇ ಇಲ್ಲಿ ನಿಮ್ಮ ಗಡಿಯಾರ: ಎರಡು ಕಂಬ ಓಟ, ಎರಡು ಕಂಬ ನಡಿಗೆ. ಎರಡು ವಾರ ಬಿಟ್ಟು ಮೂರಕ್ಕೆ ಎರಡು, ಆಮೇಲೆ ನಾಲ್ಕಕ್ಕೆ ಒಂದು. ಹೀಗೆ ಎರಡು–ಮೂರು ತಿಂಗಳಲ್ಲಿ ನಡಿಗೆಯ ಕಂಬಗಳು ತಾವಾಗಿ ಕರಗುತ್ತವೆ. ಸಮತಟ್ಟಿನಲ್ಲಿ ಕಿಲೋಮೀಟರಿಗೆ 8 ನಿಮಿಷದ ಓಟ ಇಲ್ಲಿ 11 ನಿಮಿಷ ಆಗುತ್ತದೆ, ಅದೇ ಶ್ರಮ. ನಿಧಾನವಾಯಿತು ಅಂತ ಬೇಸರಪಡಬೇಡಿ.

ಎಲ್ಲರೂ ತಪ್ಪುವುದು ಮೊದಲ 300 ಮೀಟರಿನಲ್ಲಿ. ಕಾಲು ತಾಜಾ ಇರುತ್ತದೆ, ಬಿರುಸಾಗಿ ಹೊರಡುತ್ತಾರೆ, ಅರ್ಧಕ್ಕೇ ಮುಗಿಯುತ್ತದೆ. ಶುರುವಿನಲ್ಲಿ ‘ಇದು ತೀರಾ ನಿಧಾನ’ ಅನ್ನಿಸಬೇಕು.

ಒಂದೇ ವಾರದಲ್ಲಿ ದೂರವನ್ನೂ ಏರುವ ಎತ್ತರವನ್ನೂ ಹೆಚ್ಚಿಸಬೇಡಿ. ವಾರದ ಒಟ್ಟು ಏರಿದ ಮೀಟರನ್ನೂ ಬರೆದಿಟ್ಟುಕೊಳ್ಳಿ, ಕಿಲೋಮೀಟರಿನಷ್ಟೇ ಅದೂ ಲೆಕ್ಕ. ಗಾಳಿಯ ಒತ್ತಡ ನೋಡಿ ಎತ್ತರ ಅಳೆಯುವ ವಾಯುಭಾರ ಸಂವೇದಕ ಇಲ್ಲದ ಮೊಬೈಲಿನ ಎತ್ತರದ ಅಂಕಿ ಆಚೀಚೆ ಆಗುತ್ತದೆ, ಒಂದೇ ದಾರಿಗೆ ಒಂದೇ ಅಂಕಿ ಇಟ್ಟುಕೊಂಡರೆ ಗೊಂದಲವಿಲ್ಲ.

ಹೃದಯ ಬಡಿತ ನೋಡುವುದಾದರೆ ಗರಿಷ್ಠಕ್ಕೆ ಅಂದಾಜು ಸೂತ್ರ 208ರಿಂದ ವಯಸ್ಸಿನ 0.7 ಪಟ್ಟು ಕಳೆಯುವುದು. 38ಕ್ಕೆ ಸುಮಾರು 181. ಇದು ಹತ್ತು ಹದಿನೈದು ಆಚೀಚೆ ಇರಬಹುದಾದ ಅಂದಾಜು. ಜೊತೆಗೆ ಏರು ಶುರುವಾದ ಅರ್ಧ–ಮುಕ್ಕಾಲು ನಿಮಿಷದ ನಂತರವೇ ಬಡಿತ ಏರುವುದು. ಅಂಕಿ ಎಚ್ಚರಿಸುವ ಹೊತ್ತಿಗೆ ಉಸಿರು ಕೆಟ್ಟಿರುತ್ತದೆ. ಮಣಿಕಟ್ಟಿನ ಗಡಿಯಾರ ಕೆಲವೊಮ್ಮೆ ಬಡಿತ ಬಿಟ್ಟು ಹೆಜ್ಜೆಯನ್ನೇ ಎಣಿಸಿಬಿಡುತ್ತದೆ: ಆರಾಮಾಗಿ ಓಡುವಾಗ 165 ತೋರಿಸಿದರೆ, ನಿಮ್ಮ ಹೆಜ್ಜೆಯೂ ಅಷ್ಟೇ ಇದೆಯಾ ನೋಡಿ. ಎಂಟರವರೆಗೆ ಎಣಿಸುವುದೇ ನಂಬಿಕಸ್ತ.

ಟ್ಯಾಂಕ್ ಹತ್ತಿರ ತಲುಪಿದ ಕೂಡಲೇ ಕೂರಬೇಡಿ, ಮೂರು ನಿಮಿಷ ಅಡ್ಡಾಡಿ. ಬೆವರಿದ ಮೈಗೆ ತುದಿಯ ಗಾಳಿ ಬೇಗ ಚಳಿ ಹಿಡಿಸುತ್ತದೆ, ಮುಷ್ಟಿಯಲ್ಲಿ ಹಿಡಿಸುವಂಥ ತೆಳು ಗಾಳಿಕೋಟು ಸೊಂಟಕ್ಕೆ ಕಟ್ಟಿಕೊಂಡು ಹೋಗಿ. ಮುಕ್ಕಾಲು ಗಂಟೆಯೊಳಗಿನ ಓಟಕ್ಕೆ ನೀರು ಹೊತ್ತೊಯ್ಯುವ ಅಗತ್ಯವಿಲ್ಲ, ಮನೆಗೆ ಬಂದು ಬಾಯಾರಿದಷ್ಟು ಕುಡಿಯಿರಿ. ವಾಪಸ್ ಬರುವ ಆ 2 ಕಿ.ಮೀ. ಮೊದಮೊದಲು ನಡೆದೇ ಬನ್ನಿ.

ಇಳಿಜಾರು

ಹೌದು, ನಡೆದೇ. ಹತ್ತಿದ ಖುಷಿಯಲ್ಲಿ ಆ 6% ಇಳಿಜಾರನ್ನು ಒಂದೇ ಉಸಿರಿಗೆ ಓಡಿ ಇಳಿಯುವ ಆಸೆ ಬಂದೇ ಬರುತ್ತದೆ. ಮೊದಲ ಸಲ ಕೊನೆಯ ನಾಲ್ಕು ಕಂಬದಷ್ಟು ದೂರ ಮಾತ್ರ ಓಡಿ. ಮರುದಿನ, ಅದರ ಮರುದಿನ, ಎರಡೂ ದಿನ ಮೆಟ್ಟಿಲು ಇಳಿದು ನೋಡಿ. ತೊಡೆ ಹಿಡಿಯದಿದ್ದರೆ ಮುಂದಿನ ವಾರ ಆರು ಕಂಬ.